ಮಂಚದ ಕೆಳಗಿನ ಕೆಂಡ

ಈ ಬಿಸಿ ಕೆಂಡದ್ದೇ ಇರಬೇಕು, ಮತ್ತೆ ಯಾವುದರದ್ದು ಇರುತ್ತದೆ, ಎಂದುಕೊಂಡ ಲಾಮ್. ಹಾಗೆ ಎಂದುಕೊಂಡ ಮೇಲೂ ಹೆಂಡತಿಯ ಪಾದದ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ. ಅಮ್ಮ ತೊಡಿಸಿದ್ದ ದಪ್ಪ ಕಾಲುಚೀಲವನ್ನು ಕಳ್ಳನ ಹಾಗೆ ಅರ್ಧ ಇಳಿಸಿದ್ದ. ಬಿದಿರಿನ ಮಂಚದ ಕೆಳಗೆ ಮಣ್ಣಿನ ಅಗ್ಗಿಷ್ಟಿಕೆ, ಅದರಲ್ಲಿ ಬೂದಿ ಹೊದ್ದ ಕೆಂಡ, ಹೆರಿಗೆಯಾದ ದಿನದಿಂದ ಒಮ್ಮೆಯೂ ಆರದ್ದು. ಕೆಂಡದ ಬಿಸಿ ಕೆಳಗಿನಿಂದ ಬರುವಂಥದ್ದು. ಹಾಗಿದ್ದರೆ ಅಂಗಾಲಿಗಿಂತ ಪಾದದ ಮೇಲುಭಾಗ ಹೆಚ್ಚು ಸುಡುವುದೇಕೆ? ಅಥವಾ ಸುಡುತ್ತಿರುವುದು ತನ್ನ ಅಂಗೈಯೇ? ಈ ಕೋಣೆಯಲ್ಲಿ ಏನನ್ನು ಮುಟ್ಟಿದರೂ ಬಿಸಿ: ಗೋಡೆ ಬಿಸಿ, ಸೊಳ್ಳೆಪರದೆಯ ಅಂಚು ಬಿಸಿ, ಗಂಜಿಯ ಬಟ್ಟಲಲ್ಲಿ ಮರೆತ ಚಮಚ ಬಿಸಿ. ಎಲ್ಲವೂ ಬಿಸಿಯಿರುವ ಕಡೆ ಜ್ವರವನ್ನು ಬೇರೆ ಮಾಡಿ ಎತ್ತಿ ತೋರಿಸುವುದು ಹೇಗೆ? ಮೊನ್ನೆ ಪರದೆಯ ಸಂದಿನಿಂದ ಅವಳ ಮುಖ ಕಂಡಾಗಲೇ ಅವನಿಗೆ ಹಾಗೆನಿಸಿತ್ತು. ಅದೇ ಹೊತ್ತಿಗೆ ಅಮ್ಮ ಹೊರಗೆ ಪಕ್ಕದ ಮನೆಯವಳಿಗೆ, ಕೆಂಡ ಚೆನ್ನಾಗಿ ಹಿಡಿದಿದೆ, ಮುಖ ನೋಡು, ಮಾಗಿದ ಹಣ್ಣಿನ ಹಾಗಾಗಿದೆ ಎಂದು ಹೇಳುತ್ತಿದ್ದಳು. ಆ ದನಿಯಲ್ಲಿದ್ದ ಹೆಮ್ಮೆ ಅವನ ನಾಲಿಗೆಯನ್ನು ಒಳಕ್ಕೆ ಎಳೆದುಕೊಂಡಿತ್ತು.

ಅವನು ಇಲ್ಲಿ ಇರಬಾರದಿತ್ತು. ಬಾಣಂತಿಯ ಕೋಣೆಗೆ ಗಂಡಸು ಕಾಲಿಡುವುದಿಲ್ಲ. ಗಂಡನಂತೂ ತಿಂಗಳು ತುಂಬುವವರೆಗೆ ಪರದೆಯ ಆಚೆ ನಿಂತೇ ಮಾತಾಡಬೇಕು. ಅಮ್ಮ ಹಬೆಯ ಸ್ನಾನಕ್ಕೆಂದು ಮಜ್ಜಿಗೆಹುಲ್ಲು, ಚಕ್ಕೋತದ ಎಲೆ ತರಲು ಗುಡ್ಡದ ಬುಡದ ತೋಟಕ್ಕೆ ಹೋಗಿದ್ದಳು. ಅವಳ ಚಪ್ಪಲಿಯ ಸದ್ದು ಅಂಗಳ ದಾಟಿ, ಬಾಗಿಲಲ್ಲಿ ನೇತುಹಾಕಿದ ಸುಟ್ಟ ಕೊಳ್ಳಿಯನ್ನು ದಾಟಿ, ಮರಳಿನಲ್ಲಿ ಸತ್ತುಹೋದ ಮೇಲೆ ಅವನು ಪರದೆ ಸರಿಸಿದ್ದ. ಆ ಕೊಳ್ಳಿಯನ್ನು ಕಟ್ಟಿದವನು ಅವನೇ. ಗಂಡು ಮಗು, ಆದ್ದರಿಂದ ಸುಟ್ಟ ತುದಿ ಒಳಮುಖವಾಗಿ. ದಾರಿಹೋಕರಿಗೆ ಅದನ್ನು ಕಂಡರೆ ಸಾಕು, ಇಲ್ಲಿ ಪುರುಡು ಇದೆ ಎಂದು ಗೊತ್ತಾಗುತ್ತದೆ. ಆದರೆ ಕೊಳ್ಳಿ ಬಾಗಿಲಲ್ಲೇ ಇರುತ್ತದೆ, ಪುರುಡು ಅವನ ಜೊತೆ ಊರೆಲ್ಲ ತಿರುಗುತ್ತದೆ. ಮಗು ಹುಟ್ಟಿದ ಸಂಜೆಯೇ ದೋಣಿಯ ಯಜಮಾನ ಚಿನ್ ಚಿಕ್ಕಪ್ಪ ಹಲ್ಲುಕಡ್ಡಿ ಕಚ್ಚಿಕೊಂಡು ಬಂದು, ಒಳಗೆ ಬಾರದೆ, ಬೇಲಿಯಾಚೆಯಿಂದಲೇ ಹೇಳಿದ್ದ, ತಿಂಗಳು ತುಂಬಲಿ, ಆಮೇಲೆ ದೋಣಿಗೆ ಬಾ, ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲಪ್ಪ, ಸಮುದ್ರಕ್ಕಿದೆ. ಅದರಲ್ಲಿ ತಪ್ಪೇನೂ ಇಲ್ಲ. ಬೇರೆಯವರ ಮನೆಯಲ್ಲಿ ಮಗು ಹುಟ್ಟಿದಾಗ ಅವನೂ ಅವರನ್ನು ಕಂಡು ದಾರಿ ಬದಲಿಸಿದವನೇ. ಆದರೂ ನಿನ್ನೆ ಚಹದಂಗಡಿಯಲ್ಲಿ ಅವನು ಕೂತ ಸ್ಟೂಲಿನ ಪಕ್ಕದವರು ಒಬ್ಬೊಬ್ಬರೇ ಏನೋ ನೆನಪಾದಂತೆ ಎದ್ದುಹೋದದ್ದು, ಮೀನು ಕೊಳ್ಳುವ ಹೆಂಗಸು ಅವನು ತನ್ನ ಬುಟ್ಟಿಗಳನ್ನು ದಾಟಿ ಹೋದದ್ದೇ ತಡ ಪುರುಡು ತಾಗದಿರಲೆಂದು ಕಾಗದ ಹೊತ್ತಿಸಿ ಬುಟ್ಟಿಯ ಸುತ್ತ ಆಡಿಸಿದ್ದು ಮನಸ್ಸಿಗೆ ನಾಟಿತ್ತು. ಅವನು ತಿರುಗಿ ನೋಡಿರಲಿಲ್ಲ. ಕಾಗದ ಸುಟ್ಟ ವಾಸನೆ ಬೆನ್ನಿಗೆ ಬಡಿದಾಗ ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಬಗ್ಗಿದ್ದ. ಬಗ್ಗಿದ್ದು ಯಾಕೆಂದು ಈಗಲೂ ಗೊತ್ತಿಲ್ಲ. ನಾಚಿಕೆಗೆ ಒಂದು ಭಂಗಿ ಬೇಕಾಗುತ್ತದೆ.

"ಕಪ್ಪೆ ಅಪ್ಪ," ಎಂದಳು ಖುವೆ ಕಣ್ಣು ತೆರೆಯದೆ. ಮಗುವಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಕೆಟ್ಟ ಕಣ್ಣು ತಾಗದಿರಲೆಂದು ಅಮ್ಮ ಅದನ್ನು ಕಪ್ಪೆ ಎಂದು ಕರೆಯುತ್ತಿದ್ದಳು, ಹಾಗಾಗಿ ಅವನು ಕಪ್ಪೆಯ ಅಪ್ಪನಾಗಿದ್ದ. "ಅಮ್ಮ ನೋಡಿದ್ರೆ ಬೈತಾರೆ."

ಬೈಯಲಿ ಎಂದ ಅವನು. ಎಲ್ಲಿ ನೋಯುತ್ತಿದೆ ಎಂದು ಕೇಳಿದ. ಅವಳು ಎಲ್ಲಿಯೂ ಇಲ್ಲ ಎಂದಳು, ಆಮೇಲೆ ಕೆಳಹೊಟ್ಟೆ ಎಂದಳು, ಆಮೇಲೆ ಅದೆಲ್ಲ ಇರುತ್ತದಂತೆ, ಎಲ್ಲರಿಗೂ ಇರುತ್ತದಂತೆ ಎಂದಳು. ಕಿವಿಗೆ ಹತ್ತಿ ತುರುಕಿದ್ದರಿಂದ ತನ್ನ ದನಿ ತನಗೇ ಕೇಳದೆ ಅವಳು ಸ್ವಲ್ಪ ಜೋರಾಗಿ ಮಾತಾಡುತ್ತಿದ್ದಳು. ಅರಿಶಿನ, ಅಕ್ಕಿ ಸಾರಾಯಿ ತಿಕ್ಕಿದ ತೋಳು ಹಳದಿಯಾಗಿ ಹೊಳೆಯುತ್ತಿತ್ತು. ಕೂದಲು ಹೆರಿಗೆಯ ದಿನದ ಬೆವರಿನಲ್ಲೇ ಒಣಗಿ ಹಗ್ಗವಾಗಿತ್ತು. ಈ ಎಲ್ಲ ವಾಸನೆಗಳ ಕೆಳಗೆ, ಸಾರಾಯಿ, ಬೆವರು, ಹಾಲು, ಮೆಣಸು ಹಾಕಿ ಬತ್ತಿಸಿದ ಹಂದಿಮಾಂಸದ ಉಪ್ಪುವಾಸನೆ, ಇವುಗಳ ಕೆಳಗೆ ಇನ್ನೊಂದು ವಾಸನೆ ಇತ್ತು. ದೋಣಿಯ ತಳದಲ್ಲಿ ಹಲಗೆಯ ಸಂದಿಗೆ ಬಿದ್ದ ಒಂದು ತುಂಡು ಮೀನು ಯಾರಿಗೂ ಕಾಣದೆ ಕೊಳೆಯುವಾಗ ಬರುವಂಥದ್ದು. ಹುಡುಕಿ ತೆಗೆಯುವ ತನಕ ಅದು ಹೋಗುವುದಿಲ್ಲ. ದೋಣಿಯಲ್ಲಾಗಿದ್ದರೆ ಅವನು ಎಂದೋ ಹಲಗೆ ಎತ್ತುತ್ತಿದ್ದ.

ಮೊದಮೊದಲು ಅವಳಿಗೆ ಈ ಕೆಂಡ ಇಷ್ಟವಾಗಿತ್ತು. ತಾಯಿಯಿಲ್ಲದೆ, ಚಿಕ್ಕಮ್ಮಂದಿರ ಮನೆಗಳಲ್ಲಿ ಬಾಗಿಲ ಬಳಿಯ ಚಾಪೆಯಲ್ಲಿ ಮಲಗಿ ಬೆಳೆದವಳು ಅವಳು. ನನ್ನನ್ನ ಯಾರೂ ಇಷ್ಟು ಬೆಚ್ಚಗೆ ಇಟ್ಟಿರಲಿಲ್ಲ ಎಂದು ಪರದೆಯ ಈಚೆ ಕೂತಿದ್ದ ಅವನಿಗೆ ಹೇಳಿ ನಕ್ಕಿದ್ದಳು. ಆಮೇಲೊಂದು ಮಧ್ಯಾಹ್ನ, ಸ್ವಲ್ಪ ಸರಿಸಿ, ಸ್ವಲ್ಪವೇ, ಎಂದು ಅವಳು ಅಮ್ಮನನ್ನು ಕೇಳಿದ್ದು ಅವನ ಕಿವಿಗೆ ಬಿತ್ತು. ಅಮ್ಮ ಮಗುವನ್ನು ಸಮಾಧಾನಪಡಿಸುವವಳಂತೆ, ತಡ್ಕೋ ಮಗಳೇ, ಈಗ ತಡ್ಕೊಂಡ್ರೆ ಮುದುಕಿಯಾದಾಗ ನನ್ನನ್ನ ನೆನೆಸ್ಕೋತೀಯ, ಎಂದಿದ್ದಳು. ಅವನು ಹೊರಗೆ ಬಲೆಯ ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದ. ಸೂಜಿಯನ್ನು ಒಂದು ಗಳಿಗೆ ನಿಲ್ಲಿಸಿದ್ದ. ಮತ್ತೆ ಹೆಣೆಯತೊಡಗಿದ್ದ.

ಅಮ್ಮನಿಗೆ ಅಡ್ಡಬರುವುದೆಂದರೆ ಅವನಿಗೆ ತಾನು ಹುಟ್ಟಿದ ದಿನಕ್ಕೆ ಅಡ್ಡಬಂದಂತೆ. ಅವನು ಹುಟ್ಟಿದ್ದು ಯುದ್ಧದ ವರ್ಷಗಳಲ್ಲಿ, ಮರಳು ತೋಡಿ ತೆಂಗಿನ ದಿಮ್ಮಿ ಮುಚ್ಚಿದ ಒಂದು ಬಿಲದೊಳಗೆ. ಮೇಲೆ ಹೆಲಿಕಾಪ್ಟರು ಸುತ್ತುತ್ತಿದ್ದವು, ಹೊಗೆ ಕಂಡರೆ ಗುಂಡು. ಅಮ್ಮನಿಗೆ ಒಂದು ಕಿಡಿ ಕೆಂಡವೂ ಸಿಗಲಿಲ್ಲ. ತಣ್ಣನೆಯ ಒದ್ದೆ ಮರಳಿನ ಮೇಲೆ ಮಲಗಿ ತಣ್ಣನೆಯ ಅನ್ನ ತಿಂದಳು, ಗಾಳಿ ಮೈಯೊಳಗೆ ಹೊಕ್ಕಿತು, ಮತ್ತೆ ಹೊರಗೆ ಬರಲಿಲ್ಲ. ಅವಳ ಕೈ ನಡುಗುವುದು ಅದಕ್ಕೆ, ಮಳೆಗಾಲಕ್ಕೆ ಮುಂಚೆ ತಲೆ ಸಿಡಿಯುವುದು ಅದಕ್ಕೆ, ಮತ್ತೊಂದು ಮಗು ನಿಲ್ಲದೆ ಹೋದದ್ದು ಅದಕ್ಕೆ. ಅವಳು ಇದನ್ನು ದೂರಿನಂತೆ ಹೇಳಿದವಳಲ್ಲ. ಬಟ್ಟಲು ಕೈಜಾರಿ ಒಡೆದಾಗ, ಕೆಂಡ ಕಾಣದ ಕೈ ಕಣಪ್ಪ ಎಂದು ನಗುತ್ತಿದ್ದಳು. ಚೂರುಗಳನ್ನು ಆರಿಸಿ ಹಾಕುತ್ತಿದ್ದವನು ಅವನು. ಪ್ರತಿ ಚೂರನ್ನೂ ತಾನೇ ಒಡೆದೆ ಎನ್ನಿಸುತ್ತಿತ್ತು. ಖುವೆ ಬಸುರಿಯೆಂದು ತಿಳಿದ ವಾರವೇ ಅಮ್ಮ ಇದ್ದಿಲು ಕೂಡಿಸತೊಡಗಿದಳು. ಗಟ್ಟಿ ಮರದ, ಹೊಗೆಯಾಡದ ಇದ್ದಿಲು. ಒಂದೊಂದು ತುಂಡನ್ನೂ ಬೆರಳಿನಿಂದ ತಟ್ಟಿ ಸದ್ದು ಕೇಳಿ, ಟೊಳ್ಳೆನಿಸಿದ್ದನ್ನು ಎಸೆದು, ಒಳ್ಳೆಯದನ್ನು ಗೋಣಿಯಲ್ಲಿ ಕಟ್ಟಿ ಪೂಜೆಯ ಪೀಠದ ಕೆಳಗೆ ಇಟ್ಟಳು. ತನಗೆ ಸಿಗದ ತಿಂಗಳನ್ನು ಸೊಸೆಗೆ ಕೊಡುತ್ತಿದ್ದಳು. ಅಂಥದ್ದನ್ನು ಕೊಡುತ್ತಿರುವವಳ ಎದುರು ನಿಂತು ಇದು ಸರಿಯಿಲ್ಲ ಎನ್ನಲು ಯಾವ ಬಾಯಿ ಬೇಕು?

ಮಂಚದ ತಲೆಯ ಕಡೆ, ಬುಟ್ಟಿಯಲ್ಲಿ ಮಗು ಮುಷ್ಟಿ ಬಿಗಿಹಿಡಿದು ಮಲಗಿತ್ತು. ಅವನು ಅದನ್ನು ನೋಡಲಿಲ್ಲ. ನೋಡಿದರೆ ಮನಸ್ಸು ಬೇರೆ ಕಡೆ ಹೋಗುತ್ತದೆಂದು ಗೊತ್ತಿತ್ತು. ಮಂಡಿಯೂರಿ, ತೋಳು ಚಾಚಿ, ಅಗ್ಗಿಷ್ಟಿಕೆಯ ಕಿವಿಗಳನ್ನು ಬರಿಗೈಯಲ್ಲೇ ಹಿಡಿದು ಎಳೆದ. ಬೆರಳು ಚುರುಗುಟ್ಟಿತು, ಬಿಡಲಿಲ್ಲ. ಮಣ್ಣು ನೆಲಕ್ಕೆ ಉಜ್ಜಿದ ಸದ್ದಿಗೆ ಖುವೆ ಕಣ್ಣು ತೆರೆದಳು. ಅದನ್ನು ಕೋಣೆಯ ಇನ್ನೊಂದು ಮೂಲೆಗೆ ಒಯ್ದಿಟ್ಟು ಕಿಟಕಿಯ ಬಾಗಿಲನ್ನು ಒಂದು ಗೇಣು ತೆರೆದ. ಗಾಳಿ ಬಂತು, ಉಪ್ಪಿನ ಗಾಳಿ. ಎಷ್ಟು ಹೊತ್ತು ಎಂದು ಅವಳು ಕೇಳಿದ್ದಕ್ಕೆ, ಬಿದಿರು ತಣ್ಣಗಾಗುವ ತನಕ ಎಂದ.

ಕಾಯುವುದು ಅವನು ಬಲ್ಲ ಕೆಲಸ. ಬಲೆ ಇಳಿಸಿದ ಮೇಲೆ ಕಾಯುವುದು, ಗಾಳಿ ತಿರುಗಲೆಂದು ಕಾಯುವುದು. ಆದರೆ ಅಲ್ಲಿ ಏನು ಬಂದರೂ ಅದು ಸಮುದ್ರ ಕೊಟ್ಟದ್ದು. ಇಲ್ಲಿ ಬರುವ ಉತ್ತರಕ್ಕೆ ತಾನೇ ಹೊಣೆ. ಬಿದಿರಿನ ದಬ್ಬೆಗಳನ್ನು ಮುಟ್ಟಿ ನೋಡಿದ, ಇನ್ನೂ ಬಿಸಿ. ಮತ್ತೆ ಮುಟ್ಟಿದ. ಗೋಡೆಯ ಕಾವು ಇಳಿಯಿತು. ಚಮಚ ತಣ್ಣಗಾಯಿತು. ಅಷ್ಟರಲ್ಲಿ ಖುವೆ ನಡುಗತೊಡಗಿದಳು. ಮೊದಲು ತುಟಿ, ಆಮೇಲೆ ದವಡೆ, ಆಮೇಲೆ ಹಲ್ಲಿಗೆ ಹಲ್ಲು ಕಟಕಟನೆ ಬಡಿದು ಇಡೀ ಮಂಚ ಅಲುಗಿತು. "ಚಳಿ," ಎಂದಳು, "ಕೆಂಡ ಇಡಿ, ಕಪ್ಪೆ ಅಪ್ಪ, ದಮ್ಮಯ್ಯ, ಕೆಂಡ ಇಡಿ." ಅಮ್ಮ ಹೇಳಿದ್ದೇ ಸರಿ, ಗೇಣಗಲದ ಕಿಟಕಿಯಿಂದ ಗಾಳಿ ಒಳಹೊಕ್ಕಿಯೇ ಬಿಟ್ಟಿತು, ತನ್ನ ಹುಟ್ಟು ಒಬ್ಬಳನ್ನು ಕೆಡಿಸಿತು, ತನ್ನ ಬುದ್ಧಿವಂತಿಕೆ ಇನ್ನೊಬ್ಬಳನ್ನು. ಅವನ ಕೈ ಅಗ್ಗಿಷ್ಟಿಕೆಯ ಕಡೆ ಹೋಗಿತ್ತು. ತಡೆದ. ಹಿಂದಕ್ಕೆ ಬಂದು ಮಂಚದ ದಬ್ಬೆಯನ್ನು ಮುಟ್ಟಿದ: ತಣ್ಣಗಿತ್ತು. ಅವಳ ಹಣೆಯನ್ನು ಮುಟ್ಟಿದ. ಕೈ ತಾನಾಗಿ ಹಿಂದಕ್ಕೆ ಬಂತು. ಇನ್ನು ಇದಕ್ಕೆ ಬೇರೆ ಯಾವ ಹೆಸರೂ ಇರಲಿಲ್ಲ. ಹಾಗೆ ತಿಳಿದಾಗ ಆದದ್ದು ಭಯವಲ್ಲ, ಒಂದು ಥರದ ಹಗುರ. ನೆಲ ಸಿಕ್ಕಿತ್ತು, ನಿಲ್ಲಬಹುದಿತ್ತು.

ಎಲೆಗಳ ಹೊರೆ ಹೊತ್ತು ಅಮ್ಮ ಪರದೆ ಸರಿಸಿದಾಗ ಅವನು ಮಂಚದ ಪಕ್ಕ ನಿಂತೇ ಇದ್ದ. ಅಡಗಲಿಲ್ಲ, ಹೊರಗೆ ಓಡಲಿಲ್ಲ. ಅಮ್ಮ ಅವನನ್ನು ನೋಡಲಿಲ್ಲ. ಮೂಲೆಯಲ್ಲಿದ್ದ ಅಗ್ಗಿಷ್ಟಿಕೆಯನ್ನು ನೋಡಿದಳು, ತೆರೆದ ಕಿಟಕಿಯನ್ನು ನೋಡಿದಳು, ಹೊರೆಯನ್ನು ನಿಧಾನವಾಗಿ ನೆಲಕ್ಕಿಳಿಸಿದಳು.

"ಯಾರು ತೆಗ್ದಿದ್ದು?"

"ನಾನು."

"ಬಾಣಂತಿ ಕೋಣೇಲಿ ನಿನಗೇನು ಕೆಲಸ? ಅವಳ ಚಳಿ ನೋಡು. ಒಂದು ಗಳಿಗೆ ನಾನಿಲ್ದೇ ಇದ್ದಿದ್ದಕ್ಕೆ."

"ಅವಳ ಹಣೆ ಮುಟ್ಟು."

"ದಿನಾ ಮುಟ್ತೀನಿ. ನೀನು ಹೇಳಿಕೊಡ್ಬೇಕಾ?"

"ದಿನಾ ಕೆಂಡ ಕೆದಕಿದ ಕೈಯಲ್ಲಿ ಮುಟ್ತೀಯ," ಎಂದ ಅವನು. "ಕೈ ತಣ್ಣಗೆ ಮಾಡ್ಕೊಂಡು ಮುಟ್ಟು."

ಹೊರಗಿನ ಹಂಡೆಯಿಂದ ಬೋಗುಣಿಯಲ್ಲಿ ನೀರು ತಂದು ಅವಳ ಮುಂದೆ ಹಿಡಿದ. ಅಮ್ಮನ ಮುಖದಲ್ಲಿ ಅವನು ಎಂದೂ ಕಾಣದ ಒಂದು ಬಗೆಯ ಗೊಂದಲ ಮೂಡಿತು. ಬಹಳ ವರ್ಷಗಳ ಮೇಲೆ ಯಾರೋ ಅವಳಿಗೆ ಕೆಲಸ ಹೇಳುತ್ತಿದ್ದರು. ಬೇಡವೆನ್ನುತ್ತಾಳೆ, ಬೋಗುಣಿಯನ್ನು ತಟ್ಟಿ ಚೆಲ್ಲುತ್ತಾಳೆ ಎಂದು ಕಾಯುತ್ತ ಅವನು ತೋಳು ಮಡಿಸದೆ ಹಿಡಿದೇ ಇದ್ದ. ಅವಳು ಕೈ ಅದ್ದಿದಳು. ನಡುಗುವ ಕೈಗಳಿಂದ ನೀರಿನಲ್ಲಿ ಸಣ್ಣ ಸಣ್ಣ ಅಲೆ ಎದ್ದವು. ಕಾವಿಳಿದ ಒದ್ದೆ ಕೈಯನ್ನು ಷರಾಯಿಗೆ ಒರೆಸಿಕೊಂಡು ಖುವೆಯ ಹಣೆಯ ಮೇಲಿಟ್ಟಳು. ಅದು ಸಾಲದೆಂಬಂತೆ ಬಗ್ಗಿ ತನ್ನ ಕೆನ್ನೆಯನ್ನು ಅವಳ ಕೆನ್ನೆಗೆ ಹಚ್ಚಿದಳು. ಹಾಗೆಯೇ ಇದ್ದಳು. ಸೊಸೆಯ ಹಲ್ಲಿನ ಸದ್ದು ಅವಳ ಕಿವಿಯೊಳಗೇ ಕೇಳುತ್ತಿದ್ದಿರಬೇಕು. ಆ ಗಳಿಗೆಯಲ್ಲಿ ಲಾಮ್‌ಗೆ ತಾನು ಗೆಲ್ಲುವುದು ಬೇಡವೆನ್ನಿಸಿತು. ಇದು ಕೆಂಡದ ಬಿಸಿಯೇ ಎಂದು ಅವಳು ಹೇಳಲಿ, ತಾನು ಬೈಸಿಕೊಂಡು ಹೊರಗೆ ಹೋಗುವಂತಾಗಲಿ ಎನ್ನಿಸಿತು.

"ಇದು ನನ್ನ ಬೆಂಕಿಯಲ್ಲ," ಎಂದಳು ಅಮ್ಮ.

ಎದ್ದು ನಿಂತವಳು ಬೇರೆಯೇ ಹೆಂಗಸಾಗಿದ್ದಳು. ಬಸ್ಸು ಎಂದು ಕೇಳಿದಳು. ಪಟ್ಟಣಕ್ಕೆ ಇರುವ ಒಂದೇ ಬಸ್ಸು ಬೆಳಿಗ್ಗೆಯೇ ಗುಡ್ಡ ಸುತ್ತಿ ಹೋಗಿಯಾಗಿತ್ತು. ಮರಳ ದಾರಿಯಲ್ಲಿ ಸೈಕಲ್ಲಿನ ಮೇಲೆ ಕೂರುವ ಸ್ಥಿತಿಯಲ್ಲಿ ಖುವೆ ಇರಲಿಲ್ಲ. ಪಟ್ಟಣ ಎದುರಿಗೇ ಇತ್ತು, ಹಿನ್ನೀರಿನ ಆಚೆ ದಡದಲ್ಲಿ, ಅಂಗಳದಿಂದ ನೋಡಿದರೆ ಆಸ್ಪತ್ರೆಯ ನೀರಿನ ಟ್ಯಾಂಕು ಕಾಣುತ್ತಿತ್ತು. ಆದರೆ ಯಾವ ದೋಣಿಯವನು ಬಾಣಂತಿಯನ್ನು ಹತ್ತಿಸಿಕೊಳ್ಳುತ್ತಾನೆ? ಹತ್ತಿಸಿಕೊಂಡರೆ ಅವನ ಬಲೆಗೆ ಆ ವರ್ಷ ಮೀನು ಬೀಳುವುದಿಲ್ಲ. ಕೇಳುವುದೇ ಒಂದು ಅಪಚಾರ. ಅಮ್ಮ ಇದನ್ನೆಲ್ಲ ಅವನಿಗಿಂತ ಚೆನ್ನಾಗಿ ಬಲ್ಲವಳು. ಮಗುವನ್ನು ಬುಟ್ಟಿಯಿಂದ ಎತ್ತಿ ಎದೆಗೆ ಕಟ್ಟಿಕೊಳ್ಳುತ್ತ, "ಚಿನ್ ಹರಿಗೋಲು ದಡದಲ್ಲೇ ಇದೆಯಲ್ಲ," ಎಂದಳು, ಅಡುಗೆಗೆ ಉಪ್ಪು ಎಲ್ಲಿದೆ ಎಂದು ಹೇಳುವವಳಂತೆ.

ಅವನು ಖುವೆಯನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡ. ಅಮ್ಮ ಅವಳ ಕಾಲುಚೀಲವನ್ನು ಮೇಲೆಳೆದಳು, ಕಿವಿಯ ಹತ್ತಿಯನ್ನು ಒತ್ತಿದಳು, ತಲೆಗೆ ವಸ್ತ್ರ ಸುತ್ತಿ ಅದರ ಮೇಲೆ ತನ್ನ ತಾಳೆಗರಿಯ ಟೊಪ್ಪಿಗೆ ಇಟ್ಟಳು. ಆಮೇಲೆ ಮೂಲೆಗೆ ಹೋಗಿ ಅಗ್ಗಿಷ್ಟಿಕೆಯ ಕೆಂಡವನ್ನು ಒಂದು ಮಡಕೆಗೆ ತುಂಬಿ, ಬೂದಿ ಮುಚ್ಚಿ, ಮೇಲೆ ಮುಚ್ಚಳ ಇಟ್ಟು ಬಟ್ಟೆಯಲ್ಲಿ ಎತ್ತಿಕೊಂಡಳು. ಅಮ್ಮಾ ಎಂದ ಅವನು. "ಬೆಂಕಿನೂ ಬರುತ್ತೆ," ಎಂದಳು ಅವಳು. "ಅದಿಲ್ಲದೆ ಅವಳನ್ನ ಗಾಳಿಗೆ ಬಿಡಲ್ಲ ನಾನು. ನೀನು ಹೇಳಿದ್ದು ನಾನು ಕೇಳಿದೆ. ನಾನು ಹೇಳಿದ್ದು ನೀನು ಕೇಳು." ಅವನು ಕೇಳಿದ.

ನಡುಮಧ್ಯಾಹ್ನ. ಊಟ ಮುಗಿಸಿ ಊರು ಮಲಗಿತ್ತು. ದಡದ ಗರಿ ಚಪ್ಪರದ ಕೆಳಗೆ ಚಿನ್ ಚಿಕ್ಕಪ್ಪ ಬಲೆಯ ಉಯ್ಯಾಲೆಯಲ್ಲಿ ಒಂದು ಕಾಲು ಇಳಿಬಿಟ್ಟು ಮಲಗಿದ್ದ. ಅವನ ಹರಿಗೋಲು ಚಪ್ಪರದ ಪಕ್ಕದಲ್ಲೇ, ಹೊಸದಾಗಿ ರಾಳ ಮೆತ್ತಿ ಮಿರಮಿರನೆ ಹೊಳೆಯುತ್ತ ಬೋರಲು ಬಿದ್ದಿತ್ತು. ಲಾಮ್ ಖುವೆಯನ್ನು ಮರಳಿನ ಮೇಲೆ ಕೂರಿಸಿ ಹರಿಗೋಲನ್ನು ಮಗುಚಿದ. ಹುಟ್ಟು ಅದಕ್ಕೆ ತಾಗಿ ಸದ್ದಾಯಿತು. ತಿರುಗಿ ನೋಡಿದರೆ ಚಿಕ್ಕಪ್ಪನ ಕಣ್ಣು ತೆರೆದಿದ್ದವು. ಆ ಕಣ್ಣುಗಳು ಲಾಮ್‌ನ ಮೇಲೆ, ಕಂಬಳಿಯ ಮೂಟೆಯ ಮೇಲೆ, ಅಮ್ಮನ ಕೈಯ ಮಡಕೆಯ ಮೇಲೆ, ಒಂದೊಂದರ ಮೇಲೂ ಅಷ್ಟಷ್ಟು ಹೊತ್ತು ನಿಂತವು. ಚಿಕ್ಕಪ್ಪ ಎಂಬ ಮಾತು ಲಾಮ್‌ನ ಗಂಟಲಿಗೆ ಬಂತು. ಅದರ ಹಿಂದೆ ಬೇಡಿಕೆ ಬರಬೇಕಿತ್ತು. ಬೇಡಿದರೆ ಅವನು ಇಲ್ಲ ಎನ್ನಲೇಬೇಕು, ಹೂಂ ಎಂದರೆ ದೋಣಿಯಲ್ಲಿ ದುಡಿಯುವವರೆಲ್ಲರ ಅನ್ನಕ್ಕೆ ಅವನು ಉತ್ತರ ಹೇಳಬೇಕು. ಲಾಮ್ ಬಾಯಿ ಮುಚ್ಚಿದ. ಚಿಕ್ಕಪ್ಪ ಎದೆಯ ಮೇಲಿದ್ದ ಟೊಪ್ಪಿಗೆಯನ್ನು ಎತ್ತಿ ಮುಖದ ಮೇಲೆ ಇಟ್ಟುಕೊಂಡ. ಸ್ವಲ್ಪ ಹೊತ್ತಿಗೆ ಅದರ ಕೆಳಗಿನಿಂದ ಗೊರಕೆ ಕೇಳಿಸಿತು, ನಿಜವಾದ ಗೊರಕೆಗಿಂತ ತುಸು ಜೋರಾಗಿಯೇ.

ಅಮ್ಮ ಎದುರು ದಡಕ್ಕೆ ಮುಖಮಾಡಿ ಹರಿಗೋಲಿನ ಮುಂಭಾಗದಲ್ಲಿ ಕೂತಳು, ಮಗು ಎದೆಗೆ. ಖುವೆ ನಡುವೆ ಅವನ ಮೊಣಕಾಲಿಗೆ ಬೆನ್ನು ಒರಗಿಸಿ. ಅವಳ ಪಾದದ ಬಳಿ ಮಡಕೆ. ಅವನು ಹಿಂದೆ ನಿಂತು ಹುಟ್ಟು ಹಾಕಿದ. ದಡದ ಬಳಿ ನೀರು ಎಣ್ಣೆಯಂತಿತ್ತು. ಅಳಿವೆಯ ಎದುರು ಬಂದಾಗ ಸಮುದ್ರದ ಕಡೆಯಿಂದ ಗಾಳಿ ನುಗ್ಗಿತು, ಹರಿಗೋಲು ಬುಗುರಿಯಂತೆ ತಿರುಗತೊಡಗಿತು. ತಿರುಗಿದ್ದನ್ನು ಹುಟ್ಟಿನಿಂದ ನೇರ ಮಾಡುವುದು, ಮತ್ತೆ ತಿರುಗುವುದು. ತೋಳಿನಲ್ಲಿ ಉರಿ ಎದ್ದಿತು. ಒಳ್ಳೆಯದೆನ್ನಿಸಿತು. ಎಷ್ಟೋ ದಿನಗಳಿಂದ ತನ್ನನ್ನು ಯಾವುದಕ್ಕೂ ಉಪಯೋಗಿಸಿರಲಿಲ್ಲ. ಬರುತ್ತೇವೆ, ತಲುಪುತ್ತೇವೆ ಎಂದು ಅವನು ಹಲ್ಲು ಕಚ್ಚಿ ಹೇಳಿಕೊಂಡ. ದೇವರಿಗೆ ಹೇಳಿದ್ದಲ್ಲ, ಸಮುದ್ರಕ್ಕೂ ಅಲ್ಲ, ಎದುರಿಗಿದ್ದ ನೀರಿನ ಟ್ಯಾಂಕಿಗೆ. ಖುವೆಯ ತಲೆಯ ಟೊಪ್ಪಿಗೆ ಹಾರಿ ನೀರಿಗೆ ಬಿತ್ತು. ವಸ್ತ್ರ ಜಾರಿತು. ಅವಳು ಮುಖವನ್ನು ಗಾಳಿಗೆ ತಿರುಗಿಸಿ ಕಣ್ಣು ಮುಚ್ಚಿಕೊಂಡಳು. "ಎಷ್ಟು ಚೆನ್ನಾಗಿದೆ," ಎಂದಳು, ಅವನಿಗೆ ಮಾತ್ರ ಕೇಳುವಷ್ಟು. "ಅಮ್ಮನಿಗೆ ಹೇಳ್ಬೇಡಿ."

ಆಗಲೇ ಒಂದು ಅಲೆ ಅಂಚು ದಾಟಿ ಒಳಕ್ಕೆ ಸುರಿಯಿತು. ಮಡಕೆ ಅಡ್ಡಬಿತ್ತು, ಮುಚ್ಚಳ ಸರಿಯಿತು, ಚುಯ್ ಎಂದಿತು. ಬಿಳಿ ಆವಿ ಒಂದು ಗಳಿಗೆ ಎದ್ದು ಗಾಳಿಗೆ ಹರಿದುಹೋಯಿತು. ಒದ್ದೆ ಬೂದಿಯ ವಾಸನೆ ಬಂತು.

"ಏನು ಸದ್ದು?" ಎಂದಳು ಅಮ್ಮ ತಿರುಗದೆ. ತಿರುಗಿದರೆ ಹರಿಗೋಲು ವಾಲುತ್ತದೆಂದು ಅವಳಿಗೆ ಗೊತ್ತಿತ್ತು.

"ಹುಟ್ಟು ಬಡೀತು."

"ಕೆಂಡ ಇದೆಯಾ?"

ಖುವೆ ತಲೆ ಎತ್ತಿ ಅವನನ್ನು ನೋಡಿದಳು. ಅವನು ತನ್ನತ್ತ ಉರುಳಿದ್ದ ಮಡಕೆಯನ್ನು ಕಾಲಿನಿಂದ ನೆಟ್ಟಗೆ ನಿಲ್ಲಿಸಿ, ಮುಚ್ಚಳವನ್ನು ಕಾಲ್ಬೆರಳಿನಿಂದ ಸರಿಮಾಡಿದ. "ಇದೆ," ಎಂದ. ಅಮ್ಮನ ಬೆನ್ನು ಸ್ವಲ್ಪ ಸಡಿಲವಾಯಿತು. ಅವಳಿಗೆ ಅವನು ಹೇಳಿದ ಸುಳ್ಳುಗಳು ಹೆಚ್ಚೇನೂ ಇರಲಿಲ್ಲ. ಇದ್ದವೆಲ್ಲ ಇದಕ್ಕಿಂತ ಕಷ್ಟವಾಗಿದ್ದವು.

ಆಸ್ಪತ್ರೆಯ ಗೇಟಿನಲ್ಲಿ ಕಾವಲಿನವನು ಖುವೆಯನ್ನು ಹೊತ್ತ ಅವನನ್ನು ಬಿಟ್ಟ, ಅಮ್ಮನನ್ನು ತಡೆದ. ಅಜ್ಜಿ, ಇದು ಆಸ್ಪತ್ರೆ, ಅಡುಗೆಮನೆಯಲ್ಲ, ಒಲೆ ಹೊತ್ಕೊಂಡು ಎಲ್ಲಿಗೆ, ಎನ್ನುವುದು ಕೇಳಿಸಿತು. ಲಾಮ್ ಮೆಟ್ಟಿಲ ಮೇಲೆ ಹಿಂದಿರುಗಿ ನೋಡಿದ. ಅಮ್ಮ ಗೋಡೆಯ ಬದಿಗೆ ಕೂತು ಮಡಕೆಯನ್ನು ನೆಲಕ್ಕಿಟ್ಟಳು. ಕಾವಲಿನವನು ಬೇರೆ ಕಡೆ ತಿರುಗಿದ್ದ. ಅವಳು ಮುಚ್ಚಳ ಎತ್ತಿದಳು. ಒಳಗೆ ನೋಡಿದಳು. ಅವಳ ಬೆರಳು ಒಳಕ್ಕೆ ಹೋಯಿತು, ಕರಿ ಕೆಸರು ಹತ್ತಿಸಿಕೊಂಡು ಹೊರಗೆ ಬಂತು. ಆ ಬೆರಳನ್ನು ಅವಳು ಮಗುವಿನ ಬಟ್ಟೆಗೆ ತಾಗದಂತೆ ಗೋಡೆಗೆ ಒರೆಸಿದಳು. ಮುಚ್ಚಳವನ್ನು ಮೊದಲಿನಂತೆಯೇ ಇಟ್ಟು ಎದ್ದಳು. "ಹುಷಾರು," ಎಂದಳು ಕಾವಲಿನವನಿಗೆ, ದೊಡ್ಡ ದನಿಯಲ್ಲಿ, "ಒಳಗೆ ಕೆಂಡ ಇದೆ. ಮಕ್ಕಳು ಮುಟ್ಟಿಯಾರು." ಅವಳು ಮೆಟ್ಟಿಲ ಕಡೆ ತಿರುಗುವ ಮುಂಚೆ ಲಾಮ್ ಬಾಗಿಲೊಳಗೆ ಹೋಗಿದ್ದ.

ನರ್ಸು ಜ್ವರ ಯಾವಾಗಿನಿಂದ ಎಂದು ಕೇಳಿದಳು. ಇವತ್ತು, ಇವತ್ತೇ ಕಂಡದ್ದು ಎಂದಳು ಹಿಂದೆಯೇ ಬಂದ ಅಮ್ಮ. ಅದು ಅವಳ ಮಟ್ಟಿಗೆ ನಿಜವಾಗಿತ್ತು. ಲಾಮ್ ಸುಮ್ಮನಿರಬಹುದಿತ್ತು. "ಮೊನ್ನೆಯಿಂದ," ಎಂದ. ನರ್ಸು ಅಮ್ಮನ ಕಡೆ ನೋಡಿದಳು, ಅವನ ಕಡೆ ನೋಡಿದಳು, ಖುವೆಯ ಹಳದಿ ತೋಳನ್ನು, ಕಾಲುಚೀಲವನ್ನು ನೋಡಿ ತುಟಿ ಬಿಗಿದು ಗಾಲಿಮಂಚವನ್ನು ತಳ್ಳಿಕೊಂಡು ಹೋದಳು. ಹೆರಿಗೆಯಲ್ಲಿ ಬೀಳದ ಮಾಸಿನ ಚೂರೊಂದು ಒಳಗೇ ಉಳಿದು ಕೊಳೆತಿತ್ತೆಂದು ಡಾಕ್ಟರು ಆಮೇಲೆ ಹೇಳಿದರು. ತೆಗೆದಿದ್ದೇವೆ, ಇಂಜೆಕ್ಷನ್ ನಡೆಯುತ್ತಿದೆ, ಇನ್ನೊಂದು ದಿನ ತಡವಾಗಿದ್ದರೆ ಎಂದು ಮಾತು ನಿಲ್ಲಿಸಿದರು. ಅದಕ್ಕೆ ಮುಂಚಿನ ಆ ಉದ್ದನೆಯ ಹೊತ್ತನ್ನು ತಾಯಿ ಮಗ ಹೊರಗಿನ ಬೆಂಚಿನ ಮೇಲೆ ಕಳೆದರು. ಮಗು ಯಾರದೋ ಹಾಲು ಕುಡಿದು ಮಲಗಿತ್ತು. ಅಮ್ಮ ತನ್ನ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದಳು.

"ಮೊನ್ನೆ ಯಾಕೆ ಹೇಳಲಿಲ್ಲ?" ಎಂದಳು.

ಅವನು ಎದುರಿನ ಗೋಡೆಯನ್ನು ನೋಡಿದ. ನೀನು ಬೇಜಾರು ಮಾಡಿಕೊಳ್ಳುತ್ತೀಯ ಅಂತ ಎಂದ.

"ನನ್ನ ಬೇಜಾರೂ ಅವಳ ಜೀವಾನೂ ಸರಿಸಮಾನಾನಾ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ಕೇಳುತ್ತಿದ್ದಳು. "ಅಷ್ಟು ದೊಡ್ಡದು ಮಾಡಿ ಇಟ್ಟಿದೀನಾ ನಾನು ಅದನ್ನ?"

ಅವನು ಮಗುವಿನ ಮೇಲಿಂದ ಜಾರಿದ ಬಟ್ಟೆಯನ್ನು ಮೇಲೆಳೆದ. ವಾರ್ಡಿಗೆ ಬಿಟ್ಟಾಗ ಖುವೆ ತಿರುಗುವ ಫ್ಯಾನಿನ ಕೆಳಗೆ, ಕಿವಿಯಲ್ಲಿ ಹತ್ತಿಯಿಲ್ಲದೆ, ಬರಿಗಾಲಿನಲ್ಲಿ ಮಲಗಿದ್ದಳು. ನರ್ಸೊಬ್ಬಳು ಬಂದು ಕಿಟಕಿಯನ್ನು ಪೂರ್ತಿ ತೆರೆದಳು. ಅಮ್ಮ ಥಟ್ಟನೆ ಎದ್ದಳು. ಕಿಟಕಿಯ ತನಕ ಹೋದಳು. ಅಲ್ಲಿ ಕೈ ಎತ್ತಿ ನಿಂತು, ಆಮೇಲೆ ಅದೇ ಕೈಯಿಂದ ಪರದೆಯ ಬಟ್ಟೆಯನ್ನು ಸುಮ್ಮನೆ ಸರಿಮಾಡಿ, ಬಂದು ಕೂತಳು. ಬರಿಗಾಲನ್ನು ನೋಡಲಾರದೆ ತನ್ನ ಎರಡೂ ಅಂಗೈಗಳಲ್ಲಿ ಆ ಪಾದಗಳನ್ನು ಮುಚ್ಚಿ ಹಿಡಿದುಕೊಂಡಳು. ಅವಳ ನಡುಕಕ್ಕೆ ಖುವೆಯ ಪಾದಗಳೂ ಸಣ್ಣಗೆ ನಡುಗಿದವು. ಖುವೆ ನಿದ್ದೆಯಲ್ಲೂ ಕಾಲನ್ನು ಎಳೆದುಕೊಳ್ಳಲಿಲ್ಲ.

ತಿಂಗಳು ತುಂಬಿದ ದಿನ ಅಂಗಳದಲ್ಲಿ ಚಾಪೆ ಹಾಸಿ, ಮಗುವನ್ನು ಗರ್ಭದಲ್ಲಿ ತಿದ್ದಿ ತೀಡಿದ ಹನ್ನೆರಡು ಸೂಲಗಿತ್ತಿ ದೇವತೆಯರಿಗೆ ಒಬ್ಬೊಬ್ಬರಿಗೂ ಒಂದೊಂದು ಪುಟ್ಟ ಬಟ್ಟಲು ಪಾಯಸ, ಒಂದೊಂದು ಹಿಡಿ ಅಂಟಕ್ಕಿಯ ಅನ್ನ ಎಡೆಯಿಟ್ಟರು. ಖುವೆ ತೊಳೆದ ಕೂದಲನ್ನು ಬೆನ್ನ ಮೇಲೆ ಹರಡಿಕೊಂಡು, ಬಿಳಿಚಿದ ಮುಖದಲ್ಲಿ ನಗುತ್ತ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನೆರೆಯ ಹೆಂಗಸರಿಗೆ ಅಮ್ಮ ಕತೆ ಹೇಳುತ್ತಿದ್ದಳು. ಕೆಂಡದಲ್ಲೇ ಜ್ವರ ಅಡಗಿ ಕೂತಿದ್ದನ್ನು ಮೊದಲು ಕಂಡವನು ತನ್ನ ಮಗ ಎಂದಳು, ಮುಚ್ಚಿಡದೆ. ಇನ್ನು ಮೇಲೆ ಯಾರೇ ಬಾಣಂತಿಯಾಗಲಿ, ದಿನಕ್ಕೊಮ್ಮೆ ಕೆಂಡ ಸರಿಸಿ, ಕೈ ತಣ್ಣಗೆ ಮಾಡಿಕೊಂಡು ಹಣೆ ಮುಟ್ಟಿ ನೋಡಬೇಕು ಎಂದಳು. ಆದರೆ ಕೆಂಡ ಬಿಡಬಾರದು. ಆವತ್ತು ಅಷ್ಟು ದೂರ ಗಾಳಿಯಲ್ಲಿ ಹೋದರೂ ಅವಳಿಗೆ ಗಾಳಿ ಹೊಕ್ಕಲಿಲ್ಲ, ಯಾಕೆ? ಬೆಂಕಿ ಜೊತೆಗಿತ್ತು. ಹರಿಗೋಲು ಬುಗುರಿಯಾಗಿ ತಿರುಗಿದರೂ ಆರಲಿಲ್ಲ. ಆಸ್ಪತ್ರೆಯ ಗೇಟಿನ ತನಕ ಉರಿಯುತ್ತಲೇ ಇತ್ತು.

ಯಾರ ಹರಿಗೋಲು ಎಂದು ಒಬ್ಬಳು ಕೇಳಿದಳು. ನೆರಳಲ್ಲಿ ಸಾರಾಯಿ ಹೀರುತ್ತಿದ್ದ ಚಿನ್ ಚಿಕ್ಕಪ್ಪ ಬಟ್ಟಲನ್ನು ಕೆಳಗಿಟ್ಟ. ಅವನ ಹರಿಗೋಲಿನ ಅಂಚಿನ ಸುತ್ತ ಪುರುಡು ಕಳೆಯಲು ಒಣಹುಲ್ಲು ಸುಟ್ಟ ಕಪ್ಪು ಗುರುತಿರುವುದನ್ನು ದಡಕ್ಕೆ ಹೋದವರೆಲ್ಲ ಕಂಡಿದ್ದರು. "ನನ್ನನ್ನ ಯಾಕೆ ನೋಡ್ತೀರ," ಎಂದ ಅವನು. "ನಾನು ಮಲಗಿದ್ದೆ. ನನ್ನ ಗೊರಕೆ ಆಚೆ ದಡಕ್ಕೆ ಕೇಳಿಸ್ತಂತೆ." ಹೆಂಗಸರು ನಕ್ಕರು. ನಾಳೆ ಬೆಳಗಿನ ಜಾವ ದೋಣಿಗೆ ಬಾ ಎಂದು ಅವನು ಲಾಮ್‌ಗೆ ಹೇಳಿದ, ನಗುವಿನ ನಡುವೆಯೇ, ಬೇರೆ ಯಾರಿಗೂ ಕೇಳದಂತೆ.

ಅಮ್ಮ ಇನ್ನೂ ಕತೆಯಲ್ಲೇ ಇದ್ದಳು. ಮಾತು ನಿಲ್ಲಿಸಿ, ಚಾಪೆಯ ಅಂಚಿನಲ್ಲಿ ನಿಂತಿದ್ದ ಅವನ ಕಡೆ ತಿರುಗಿದಳು. "ಕೇಳಿ ಬೇಕಾದ್ರೆ ಇವನನ್ನ. ಆರಲಿಲ್ಲ ಅಲ್ವಾ?" ಎಂದಳು. ಅವಳ ಕಣ್ಣು ಅವನ ಕಣ್ಣನ್ನು ಬಿಡದೆ ಹಿಡಿದಿದ್ದವು. ಮಗುವಿನ ಮೇಲೆ ಬಗ್ಗಿದ್ದ ಖುವೆ ತಲೆ ಎತ್ತಲಿಲ್ಲ.

"ಇಲ್ಲ, ಆರಲಿಲ್ಲ," ಎಂದ ಲಾಮ್.

ಗೇಟಿನ ಬಳಿ ಅವಳು ಮುಚ್ಚಳ ತೆಗೆದು ನೋಡಿದ್ದನ್ನು ತಾನು ಕಂಡಿದ್ದೇನೆಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.